ವಿಂಗರ್ ಒಳಗೆ ಬಂದರೆ ಅಂಚು ಯಾರ ಪಾಲು?

ಪ್ರಶ್ನೆ: ಫುಟ್‌ಬಾಲ್‌ನಲ್ಲಿ ನಾವು ಆಡೋದು 4-3-3 (ನಾಲ್ಕು ಡಿಫೆಂಡರ್, ಮೂರು ಮಿಡ್‌ಫೀಲ್ಡರ್, ಮೂರು ಫಾರ್ವರ್ಡ್). ಬಲಗಡೆ ಎಡಗಾಲಿನ ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಇದ್ದಾನೆ. ಚೆಂಡು ಸಿಕ್ಕ ಕೂಡಲೇ ಒಳಗೆ ನುಗ್ಗುತ್ತಾನೆ. ಅಲ್ಲಿ ಆಗಲೇ ಜನ ಜಾಸ್ತಿ, ದಾಳಿ ಅಲ್ಲೇ ನಿಂತುಬಿಡುತ್ತದೆ. 3-5-2ಗೆ ಬದಲಾಗೋಣವಾ?

ಉತ್ತರ: ಮೊದಲು ನಿಮ್ಮ ರೈಟ್ ಬ್ಯಾಕ್ (ಬಲ ಅಂಚಿನ ಡಿಫೆಂಡರ್) ಎಲ್ಲಿರುತ್ತಾನೆ ನೋಡಿ. ಜರ್ಮನಿಯ ಕ್ಲಬ್ ಬಾಯರ್ನ್‌ನಲ್ಲಿ ಬಲಗಡೆಯ ವಿಂಗರ್ ರಾಬೆನ್ ಒಳಗೆ ತಿರುಗುವಾಗ ರೈಟ್ ಬ್ಯಾಕ್ ಲಾಮ್ ಹೊರಗಿನಿಂದ ಓಡುತ್ತಿದ್ದರು. ಡಿಫೆಂಡರ್ ಲಾಮ್ ಕಡೆ ಒಂದೇ ಹೆಜ್ಜೆ ಇಟ್ಟರೂ ಸಾಕು, ರಾಬೆನ್ ಎಡಗಾಲಿಗೆ ಜಾಗ ಸಿಗುತ್ತಿತ್ತು. ಪಾಸ್ ಬರದಿದ್ದರೂ ಆ ಓಟ ದಂಡ ಅಲ್ಲ.

ಉತ್ತರ: 3-5-2ರಲ್ಲಿ ಇಡೀ ಅಂಚು ವಿಂಗ್‌ಬ್ಯಾಕ್ (ಅಂಚಿನಲ್ಲಿ ದಾಳಿ, ರಕ್ಷಣೆ ಎರಡೂ ಮಾಡುವವನು) ಒಬ್ಬನದೇ. ದಮ್ ಇರಬೇಕು. 2016-17ರಲ್ಲಿ ಇಂಗ್ಲೆಂಡಿನ ಕ್ಲಬ್ ಚೆಲ್ಸಿ 3-4-3 ಆಡಿ ಲೀಗ್ ಗೆದ್ದಾಗ ಅಗಲ ಕೊಟ್ಟಿದ್ದು ವಿಂಗ್‌ಬ್ಯಾಕ್‌ಗಳಾದ ಮೋಸೆಸ್, ಅಲೋನ್ಸೋ. ಹಾಗಾಗಿ ಫಾರ್ವರ್ಡ್ ಹಜಾರ್ಡ್ ಒಳಗೆ ಆಡಿದರು.

ಪ್ರಶ್ನೆ ಕೇಳಿದವರು: ನಮ್ಮ ರೈಟ್ ಬ್ಯಾಕ್ ಮಧ್ಯದ ಗೆರೆ ದಾಟೋದೇ ಇಲ್ಲ! ನಾಳೆಯಿಂದ ಅವನನ್ನೇ ಮೇಲೆ ಓಡಿಸ್ತೀನಿ.