ಸಹಾಯ ಬೇಕು: ರಿಯಾಕ್ಟ್ 18ಕ್ಕೆ ಹೋದ ಮೇಲೆ ಎನ್‌ಪಿಎಂ ಇನ್‌ಸ್ಟಾಲ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಳೇ ಪ್ರಾಜೆಕ್ಟ್ ಒಂದನ್ನು ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) 17ರಿಂದ 18ಕ್ಕೆ ಅಪ್‌ಗ್ರೇಡ್ ಮಾಡುತ್ತಿದ್ದೇನೆ. ಪ್ಯಾಕೇಜ್‌ಗಳನ್ನು ತಂದು ಹಾಕುವ ಎನ್‌ಪಿಎಂನಲ್ಲಿ ಇನ್‌ಸ್ಟಾಲ್ ಕೊಟ್ಟ ತಕ್ಷಣ ‘ಇರಿಸಾಲ್ವ್’ (ERESOLVE, ಅಂದರೆ ವರ್ಷನ್‌ಗಳು ಒಂದಕ್ಕೊಂದು ಹೊಂದುತ್ತಿಲ್ಲ) ಎರರ್ ಬಂದು ನಿಂತುಬಿಡುತ್ತದೆ.

ಕಾರಣ ಮೆಸೇಜ್‌ನಲ್ಲೇ ಇದೆ. ದಿನಾಂಕ ಆರಿಸುವ ಒಂದು ಚಿಕ್ಕ ಲೈಬ್ರರಿ ತನ್ನ ಪೀರ್ ಡಿಪೆಂಡೆನ್ಸಿಯಲ್ಲಿ (ಬಳಸುವ ಪ್ರಾಜೆಕ್ಟ್‌ನಲ್ಲಿ ಇರಬೇಕಾದ ಪ್ಯಾಕೇಜ್‌ಗಳ ಪಟ್ಟಿ) ರಿಯಾಕ್ಟ್ 16 ಅಥವಾ 17 ಮಾತ್ರ ಅಂತ ಬರೆದುಕೊಂಡಿದೆ. ಎನ್‌ಪಿಎಂ 6 ಇದ್ದಾಗ ಇಂಥದ್ದಕ್ಕೆ ಬರೀ ವಾರ್ನಿಂಗ್ ಬರುತ್ತಿತ್ತು. 7ರಿಂದ ಪೀರ್ ಪ್ಯಾಕೇಜ್‌ಗಳನ್ನೂ ತಾನೇ ಹಾಕುವುದರಿಂದ, ಹೊಂದದಿದ್ದರೆ ಮುಂದೆ ಹೋಗುವುದೇ ಇಲ್ಲ. ಆ ಲೈಬ್ರರಿಗೆ ಹೊಸ ವರ್ಷನ್ ಬಂದಿಲ್ಲ. ಅದರ ಕೋಡ್ ಓದಿ ನೋಡಿದೆ, 18ರಲ್ಲಿ ಕೈಕೊಡುವಂಥದ್ದು ಏನೂ ಕಾಣಲಿಲ್ಲ.

‘ಲೆಗಸಿ ಪೀರ್ ಡೆಪ್ಸ್’ ಫ್ಲ್ಯಾಗ್ ಕೊಟ್ಟರೆ ಇನ್‌ಸ್ಟಾಲ್ ಆಗುತ್ತದೆ. ಆದರೆ ಅದು ಎಲ್ಲ ಪ್ಯಾಕೇಜ್‌ಗಳ ಪೀರ್ ಚೆಕ್ಕನ್ನೂ ಬಿಟ್ಟುಬಿಡುತ್ತದೆ, ಅಲ್ವಾ? ನಾಳೆ ಬೇರೆ ಕಡೆ ನಿಜವಾದ ತೊಂದರೆ ಬಂದರೂ ಗೊತ್ತಾಗುವುದಿಲ್ಲ. ಸುಮ್ನೆ ಎರರ್ ಬಾಯಿ ಮುಚ್ಚಿಸಲು ನನಗೆ ಇಷ್ಟವಿಲ್ಲ. ಮುಂದೆ ಈ ಪ್ರಾಜೆಕ್ಟ್ ನೋಡಿಕೊಳ್ಳುವವರು ಬೇರೆಯವರು.

ಹಾಗಾಗಿ ಪ್ಯಾಕೇಜ್ ಜೇಸನ್‌ನಲ್ಲಿ (ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್‌ಗಳನ್ನು ಬರೆದಿಡುವ ಫೈಲ್) ‘ಓವರ್‌ರೈಡ್ಸ್’ ಹಾಕಿ, ಆ ಒಂದು ಲೈಬ್ರರಿಗೆ ಮಾತ್ರ ನಮ್ಮ ರಿಯಾಕ್ಟನ್ನೇ ಕೊಡೋಣ ಅಂತಿದ್ದೇನೆ. ಪ್ರೊಡಕ್ಷನ್‌ನಲ್ಲಿ ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಪ್ರತಿ ಪ್ಯಾಕೇಜ್‌ನ ನಿಖರ ವರ್ಷನ್ ಬರೆದಿಡುವ ಲಾಕ್ ಫೈಲನ್ನು ಪೂರ್ತಿ ಅಳಿಸಿ ಹೊಸದಾಗಿ ಮಾಡಲೇಬೇಕಾ? ಅಳಿಸಿದರೆ ಸಂಬಂಧವೇ ಇಲ್ಲದ ಪ್ಯಾಕೇಜ್‌ಗಳ ವರ್ಷನ್ ಕೂಡ ಬದಲಾಗಬಹುದು, ನನಗೆ ಜಾಸ್ತಿ ಭಯ ಅದರದ್ದೇ. ಬಿಲ್ಡ್ ಸರ್ವರ್‌ನಲ್ಲಿ ‘ಎನ್‌ಪಿಎಂ ಸಿಐ’ (ಲಾಕ್ ಫೈಲ್‌ನಲ್ಲಿದ್ದಂತೆಯೇ ಇನ್‌ಸ್ಟಾಲ್ ಮಾಡುವ ಕಮಾಂಡ್) ಓಡುತ್ತದೆ. ಲಾಕ್ ಫೈಲ್ ತಾಳೆಯಾಗದಿದ್ದರೆ ಅಲ್ಲೇ ಫೇಲ್.

ನೋಡ್ (ಎನ್‌ಪಿಎಂ ಓಡಿಸುವ ಜಾವಾಸ್ಕ್ರಿಪ್ಟ್ ರನ್‌ಟೈಮ್) 18, ಎನ್‌ಪಿಎಂ 9 ಬಳಸುತ್ತಿದ್ದೇನೆ. ಯಾವ ಪ್ಯಾಕೇಜ್ ಯಾಕೆ ಬಂದಿದೆ ಅಂತ ತೋರಿಸುವ ‘ಎನ್‌ಪಿಎಂ ಎಕ್ಸ್‌ಪ್ಲೇನ್’ ಔಟ್‌ಪುಟ್ ಬೇಕಿದ್ದರೆ ಹೇಳಿ, ಹಾಕುತ್ತೇನೆ.