ಕೇರಿಯ ಬೇಸಿಗೆ ಕೂಟ: ಮಾಡಿ ನೋಡಿದವರು ಅನುಭವ ಹೇಳಿ

ಕೋಡಿಬಾಗ, ಕಾರವಾರ (ಕೇಳಿದವರು):
ನಮ್ಮ ಎರಡು ಓಣಿ ಸೇರಿ 64 ಮನೆ. ಅರ್ಧಕ್ಕಿಂತ ಜಾಸ್ತಿ ಬಾಡಿಗೆಯವರು. ಕೈಗಾ ಅಣುಸ್ಥಾವರಕ್ಕೆ ಹೋಗುವವರು, ನೌಕಾನೆಲೆಯವರು, ಬ್ಯಾಂಕಿನವರು. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲದ ಹಾಗಾಗಿದೆ. ಮೇ ಎರಡನೇ ಭಾನುವಾರ ಒಂದು ಕೂಟ ಮಾಡೋಣ ಅಂತ ನಾಲ್ಕು ಮನೆಯವರು ಹೊರಟಿದ್ದೇವೆ. ಮಕ್ಕಳಿಗೆ ಆಟ, ಎಲ್ಲರಿಗೂ ಪಾನಕ, ರಾತ್ರಿ ಯಕ್ಷಗಾನ, ಅಥವಾ ವೇಷವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ತಾಳಮದ್ದಲೆ. ಸುದ್ದಿ ಎಲ್ಲ ಮನೆಗೂ ಮುಟ್ಟಿಸುವುದು ಹೇಗೆ? ವಂತಿಗೆ ಎಷ್ಟು ಕೇಳಬಹುದು? ಮಳೆ ಬಂದರೆ ಏನು ಮಾಡುವುದು?

ಮರಾಠಿಕೊಪ್ಪ, ಶಿರಸಿ:
ನಾವು 2023ರಲ್ಲಿ ಮಾಡಿದೆವು. ಮೇ 7, ಭಾನುವಾರ ಅಂತ ಫೆಬ್ರವರಿಯಲ್ಲೇ ದಿನ ಇಟ್ಟಾಗಿತ್ತು. ಮಾರ್ಚ್ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ಮತದಾನ ಮೇ 10. ಮಕ್ಕಳ ಕಾರ್ಯಕ್ರಮಕ್ಕೆ ನೀತಿಸಂಹಿತೆ ಏನು ಮಾಡುತ್ತದೆ ಅಂತ ನಾವು ಸುಮ್ನೆ ಇದ್ದೆವು. ತಪ್ಪಿದ್ದು ಅಲ್ಲೇ. ಊಟ, ಮೈಕು, ಶಾಮಿಯಾನ, ಒಂದೊಂದಕ್ಕೂ ಕೇಳಿಕೊಂಡು ಬರಬೇಕಾಯಿತು. ಅಂಗಡಿ ಬಾಗಿಲು ಹಾಕಿ ಐದು ಸಲ ಅಲೆದೆ. ಒಂದು ಕಡೆ ಇನ್ನೊಂದು ಕಡೆಯ ಕಾಗದ ತನ್ನಿ ಅಂದರು, ಅಲ್ಲಿಗೆ ಹೋದರೆ ಮೊದಲು ಇವರದ್ದು ತನ್ನಿ ಅಂದರು. ಕೊನೆಗೆ ಕೈಮುಗಿದು ಮೇ 21ಕ್ಕೆ ಮುಂದೆ ಹಾಕಿದೆವು.

ಲೆಕ್ಕ ಈಗಲೂ ನನ್ನ ಡೈರಿಯಲ್ಲಿದೆ. ಶಾಮಿಯಾನದ ಮುಂಗಡ 4,000 ಹೋಯಿತು. ಆ ದಿನದ ಒಂದು ಮದುವೆ ಬಿಟ್ಟು ನಮಗೆ ಕೊಟ್ಟಿದ್ದರಂತೆ, ವಾಪಸ್ ಕೊಡಲಿಲ್ಲ. ಹೊಸ ದಿನಕ್ಕೆ ಮತ್ತೆ 4,000. ಕರಪತ್ರ 500 ಪ್ರತಿ, 1,150 ರೂಪಾಯಿ, ಎಲ್ಲದರಲ್ಲೂ ಹಳೇ ದಿನ. ಮತ್ತೆ ಮುದ್ರಿಸಲು ದುಡ್ಡಿರಲಿಲ್ಲ. ನನ್ನ ಮಗಳು ಮತ್ತು ಅವಳ ಗೆಳತಿಯರು ಎರಡು ರಾತ್ರಿ ಕೂತು 7 ಹೊಡೆದು 21 ಬರೆದರು. ಆದರೆ ಹಳೇದು ಕೆಲವು ಮನೆಗೆ ಆಗಲೇ ಹೋಗಿತ್ತು. ಎರಡು ಕುಟುಂಬ 7ಕ್ಕೇ ಮಕ್ಕಳಿಗೆ ಹೊಸ ಅಂಗಿ ಹಾಕಿಸಿಕೊಂಡು ಖಾಲಿ ಬಯಲಿಗೆ ಬಂದು ನಿಂತಿದ್ದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

21ರ ಸಂಜೆ ಐದೂವರೆಗೆ ಗುಡುಗು ಶುರು. ಶಿರಸಿಯ ಮೇ ಮಳೆ ಗೊತ್ತಲ್ವಾ, ಒಂದು ಗಂಟೆಯಲ್ಲಿ ಗಟಾರ ರಸ್ತೆಗೆ ಬರುತ್ತದೆ. ಶಾಮಿಯಾನದ ಬಟ್ಟೆ ನೀರು ತುಂಬಿ ಜೋತುಬಿತ್ತು. ಹುಡುಗರು ಕೋಲಿನಿಂದ ಎತ್ತಿದ್ದೇ ತಡ, ಆ ನೀರೆಲ್ಲ ಬಾಡಿಗೆ ಆಂಪ್ಲಿಫೈಯರ್ ಮೇಲೆ ಸುರಿಯಿತು. ದುರಸ್ತಿಗೆ 6,800. ಒಟ್ಟು ವಂತಿಗೆ ಬಂದದ್ದು 31,500, ಹೋದದ್ದು 43,270. ನಡುವಿನ ದುಡ್ಡು ನಾವು ಮೂವರು ಹಾಕಿದೆವು. ಎಷ್ಟು ಹಾಕಿದಿರಿ ಅಂತ ಒಬ್ಬರೂ ಕೇಳಲಿಲ್ಲ. ಇನ್ನು ಮಾಡಿದರೆ ತಗಡಿನ ಚಪ್ಪರ, ಇಲ್ಲವಾದರೆ ಸಭಾಭವನ. ಬಟ್ಟೆಯ ಕೆಳಗೆ ಮಾತ್ರ ಇನ್ನೊಮ್ಮೆ ನಾನು ಕೂರುವುದಿಲ್ಲ.

ಕಾಜುಬಾಗ, ಕಾರವಾರ:
ನಾನು ನೋಟೀಸಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೊದಲ ವರ್ಷ ಮೂರು ಫ್ಲೆಕ್ಸ್ ಹಾಕಿಸಿದೆವು, ಒಂದಕ್ಕೆ 900. ನಾಲ್ಕನೇ ದಿನ ಮೂರೂ ಕಿತ್ತು ಒಯ್ದರು, ಮೇಲೆ ದಂಡ ಬೇರೆ. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ. ಎಲ್ಲರೂ ಹಾಕುತ್ತಾರಲ್ಲ ಅಂತ ಹಾಕಿದ್ದು ನಮ್ಮ ತಪ್ಪು, ಒಪ್ಪುತ್ತೇನೆ. ಮರು ವರ್ಷ ಹಳೇ ಪೇಂಟರ್ ಒಬ್ಬರನ್ನು ಹುಡುಕಿ ಕಾಟನ್ ಬಟ್ಟೆಯ ಮೇಲೆ ಬರೆಸಿದೆವು. 1,400 ಆಯಿತು. ದಿನಾಂಕದ ಜಾಗ ಬಿಟ್ಟು ಬರೆಸಿದ್ದರಿಂದ ಅದೇ ಬಟ್ಟೆ ಮೂರು ವರ್ಷ ಬಂತು.

ಆದರೆ ಜನ ಸೇರಿಸಿದ್ದು ಬ್ಯಾನರ್ ಅಲ್ಲ, ಕಪ್ಪು ಹಲಗೆ. ಶಾಲೆಯೊಂದರಲ್ಲಿ ಬಿಸಾಡಿದ್ದನ್ನು ತಂದು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದೆವು. ಮೇಲೆ ಕನ್ನಡ, ಕೆಳಗೆ ಕನ್ನಡ ಅಕ್ಷರದಲ್ಲೇ ಕೊಂಕಣಿ. ದಿನಾ ಬೆಳಿಗ್ಗೆ ಒಂದು ಹೊಸ ಸಾಲು. ‘ಇವತ್ತು ಹಗ್ಗ ಬಂತು’, ‘ನಾಳೆ ಲಿಂಬೆ ಚಮಚದ ಅಭ್ಯಾಸ’ ಹೀಗೆ. ಹಾಲಿಗೆ ಹೋಗುವವರು ನಿಂತು ಓದುತ್ತಿದ್ದರು. ಯಾರ ಮನೆಯ ಅಜ್ಜಿಗೂ ಮೊಬೈಲ್ ಬೇಕಾಗಲಿಲ್ಲ. ವಾಟ್ಸಾಪ್ ಗ್ರೂಪಿನಿಂದ ಕೇರಿ ಸೇರುವುದಿಲ್ಲ, ಬರೆದಿಟ್ಟುಕೊಳ್ಳಿ.

ಯಲ್ಲಾಪುರ ನಾಕಾ, ಶಿರಸಿ:
ಕಾಜುಬಾಗದವರೇ, ಅದು ನಿಮ್ಮ ಕೇರಿಯ ಮಾತು. ಕೇಳಿದವರ ಓಣಿಯಲ್ಲಿ ಪಾಳಿ ಕೆಲಸದವರು ಇದ್ದಾರೆ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದವರು ನಿಮ್ಮ ಹಲಗೆ ಯಾವಾಗ ಓದಬೇಕು? ನಾವು ಗ್ರೂಪ್ ಮಾಡಿಯೇ 70 ಮನೆ ಸೇರಿಸಿದ್ದೇವೆ. ವಂತಿಗೆ ಬಂದ ದಿನವೇ ರಶೀದಿಯ ಫೋಟೋ ಹಾಕಿದೆವು, ಖರ್ಚಿನ ಬಿಲ್ಲನ್ನೂ ಹಾಕಿದೆವು. ಒಂದು ಪೈಸೆಗೂ ಮಾತು ಬರಲಿಲ್ಲ.

ಕಾಜುಬಾಗ, ಕಾರವಾರ:
ನಮ್ಮಲ್ಲೂ ಗ್ರೂಪ್ ಇತ್ತು. ಲೆಕ್ಕ ಕೇಳಿದೆ ಅಂತ ನನ್ನನ್ನೇ ತೆಗೆದುಹಾಕಿದರು. ಹಲಗೆಯಿಂದ ಯಾರನ್ನೂ ತೆಗೆಯಲು ಆಗುವುದಿಲ್ಲ.

ಕುಮಟಾ:
ಯಕ್ಷಗಾನ ಅಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಮೇಳಗಳಿಗೆ ಮೇ ಅಂದರೆ ತಿರುಗಾಟದ ಕೊನೆ, ದಿನ ಸಿಗುವುದಿಲ್ಲ. ನಾವು ಹವ್ಯಾಸಿ ತಂಡ ಕರೆಸಿದೆವು. ತಂಡಕ್ಕೆ 28,000, ವೇಷಭೂಷಣದ ಬಾಡಿಗೆ 7,500, ಚಹಾ ಊಟ 3,200. ಆಟ ಒಂಬತ್ತಕ್ಕೆ ಶುರುವಾಗಬೇಕಿತ್ತು. ಸ್ವಾಗತ, ಸನ್ಮಾನ, ಐದು ಜನರ ಭಾಷಣ, ಎಲ್ಲ ಮುಗಿದು ಚಂಡೆ ಎದ್ದದ್ದು ಒಂಬತ್ತು ಮುಕ್ಕಾಲಿಗೆ. ಹತ್ತು ಗಂಟೆ ಐದು ನಿಮಿಷಕ್ಕೆ ಪೊಲೀಸರು ಬಂದು ಮೈಕ್ ನಿಲ್ಲಿಸಿ ಅಂದರು. ಯಾರೋ ದೂರು ಕೊಟ್ಟಿದ್ದರು. ಕೌರವನ ಒಡ್ಡೋಲಗ, ಅಂದರೆ ಮೊದಲ ಸಭೆಯ ಪ್ರವೇಶ, ಅರ್ಧಕ್ಕೆ ನಿಂತಿತು. ಭೀಮನ ಪ್ರವೇಶವೇ ಆಗಲಿಲ್ಲ. ಆ ವೇಷಧಾರಿ ಮೂರು ಗಂಟೆ ಕೂತು ಬಣ್ಣ ಬರೆದುಕೊಂಡಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಮಾತಿಲ್ಲದೆ ಬಣ್ಣ ತೆಗೆದದ್ದು ನೋಡಿ ನನ್ನ ಕಣ್ಣು ತುಂಬಿತು. ವರ್ಷಕ್ಕೆ ಒಂದು ರಾತ್ರಿ ಕಲೆ ಸಹಿಸಲಾರದವರು ಊರಲ್ಲಿ ಯಾಕೆ ಇರಬೇಕು?

ಹೊನ್ನಾವರ:
ಇದಕ್ಕೆ ನಾನು ಉತ್ತರ ಕೊಡಲೇಬೇಕು. ನಿಮ್ಮ ಊರಿನ ದೂರು ನನ್ನದಲ್ಲ. ಆದರೆ ನಮ್ಮ ಕೇರಿಯಲ್ಲಿ ದೂರು ಕೊಟ್ಟವಳು ನಾನು. ಅಮ್ಮನಿಗೆ ಆಪರೇಷನ್ ಆಗಿ ಎಂಟು ದಿನ. ಮೈಕಿನ ಹಾರ್ನ್ ನಮ್ಮ ಕಿಟಕಿಯ ಎದುರಿನ ಕಂಬಕ್ಕೇ ಕಟ್ಟಿದ್ದರು. ಮೊದಲು ಹೋಗಿ ಕೇಳಿಕೊಂಡೆ, ತಿರುಗಿಸಿ ಅಂದೆ. ‘ಒಂದು ದಿನ ಅಲ್ವಾ’ ಅಂದರು. ಹನ್ನೊಂದೂವರೆಗೆ ಅಮ್ಮ ಅಳಲು ಶುರುಮಾಡಿದಾಗ ಫೋನ್ ಮಾಡಿದೆ. ಆಮೇಲೆ ಒಂದು ವರ್ಷ ನಮ್ಮ ಮನೆಗೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಇದು ನಾನು ತೆತ್ತ ಖರ್ಚು, ನಿಮ್ಮ ಲೆಕ್ಕದಲ್ಲಿ ಇದು ಬರುವುದಿಲ್ಲ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ ಅನ್ನುವುದು 2000ನೇ ಇಸವಿಯ ನಿಯಮ. ವಸತಿ ಜಾಗದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಇದು ನಾನು ಕಟ್ಟಿದ ಕತೆಯಲ್ಲ.

ಕುಮಟಾ:
ನಿಯಮ ನನಗೂ ಗೊತ್ತು. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಕ್ಕೆ ವರ್ಷದಲ್ಲಿ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕೆ ಅದೇ ನಿಯಮದಲ್ಲಿದೆ. ಅದನ್ನು ಯಾಕೆ ಹೇಳಲಿಲ್ಲ?

ಹೊನ್ನಾವರ:
ಆ 15ರಲ್ಲಿ ನಿಮ್ಮ ಭಾನುವಾರ ಇತ್ತಾ? ಇಲ್ಲ ಅಲ್ವಾ? ಐದು ಭಾಷಣ ಬಿಟ್ಟಿದ್ದರೆ ಭೀಮ ಹತ್ತಕ್ಕೆ ಮೊದಲೇ ಬರುತ್ತಿದ್ದ. ಕಲೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು ದೂರು ಕೊಟ್ಟವರಲ್ಲ, ಭಾಷಣ ಮಾಡಿದವರು.

ಮರಾಠಿಕೊಪ್ಪ, ಶಿರಸಿ:
ಇದು ಸರಿ ಮಾತು. ನಮ್ಮಲ್ಲೂ ವೇದಿಕೆಯ ಕುರ್ಚಿಗೆ ಜಗಳ ಆಗಿತ್ತು.

ಅಂಕೋಲಾ:
ದಿನ ಇಡುವಾಗ ಪಂಚಾಂಗ ನೋಡಿ. ನಮ್ಮಲ್ಲಿ ವೈಶಾಖ ಹುಣ್ಣಿಮೆಯ ಹತ್ತಿರ ಬಂಡಿಹಬ್ಬ, ಆಗ ಏನು ಇಟ್ಟರೂ ಒಬ್ಬರೂ ಬರುವುದಿಲ್ಲ.

ಪಾನಕದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಕೂಟದ ಪಾನಕದ ಜವಾಬ್ದಾರಿ ನನ್ನದು. ಮುರುಗಲು (ಕೋಕಂ) ಹಣ್ಣು ಹೊಸದಾಗಿ ಬಂದಿತ್ತು, 12 ಕಿಲೋ ತಂದೆ. ಸಿಪ್ಪೆ ಸಕ್ಕರೆಯಲ್ಲಿ ಹಾಕಿ ರಸ ಬಿಡಿಸಿದ್ದು ಮನೆಯ ಭರಣಿಯಲ್ಲಿ, ಅದು ಚೆನ್ನಾಗಿತ್ತು. ಕಲಸಲು ದೊಡ್ಡ ಪಾತ್ರೆ ಬೇಕಲ್ಲ, ಬಾಡಿಗೆಗೆ ಅಲ್ಯೂಮಿನಿಯಂ ಹಂಡೆ ತಂದರು. ಹುಳಿ ಅದರಲ್ಲಿ ನಾಲ್ಕು ಗಂಟೆ ನಿಂತಿತು. ಬಣ್ಣ ಮಂಕಾಯಿತು, ಬಾಯಿಗೆ ಇಟ್ಟರೆ ಲೋಹದ ರುಚಿ. 60 ಲೀಟರ್ ಗಟಾರಕ್ಕೆ ಚೆಲ್ಲಿದೆ. ಕೈಗಳು ನಡುಗುತ್ತಿದ್ದವು. ಹಣ್ಣು, 9 ಕಿಲೋ ಸಕ್ಕರೆ, ಏಲಕ್ಕಿ, ಎಲ್ಲ ಸೇರಿ ಎರಡು ಸಾವಿರದ ಮೇಲೆ. ಅದಕ್ಕಿಂತ ಜಾಸ್ತಿ ನೋವು ಮಾಡಿದ್ದು, ‘ಪಾನಕ ಮಾಡಲೂ ಬರುವುದಿಲ್ಲ’ ಅಂದ ಒಂದು ಮಾತು. ಸ್ಟೀಲ್ ಪಾತ್ರೆ ಬೇಕೇ ಬೇಕು. ಇಲ್ಲದಿದ್ದರೆ ಮಣ್ಣಿನ ಕೊಡ. ತಾಮ್ರವೂ ಬೇಡ.

ಯಲ್ಲಾಪುರ ನಾಕಾ, ಶಿರಸಿ:
ಮುರುಗಲು ಪಾನಕಕ್ಕೆ ಸಕ್ಕರೆ ಯಾಕೆ? ಬೆಲ್ಲ, ಜೀರಿಗೆ, ಚೂರು ಕಾಳುಮೆಣಸು. ನಮ್ಮ ಕಡೆ ಹಾಗೆ.

ಕಾಜುಬಾಗ, ಕಾರವಾರ:
ಬೆಲ್ಲ ಹಾಕಿದರೆ ಆ ಕೆಂಪು ಬಣ್ಣ ಎಲ್ಲಿ ಉಳಿಯುತ್ತದೆ? ನಾವು ಬಿರಿಂಡ ಅನ್ನುತ್ತೇವೆ, ಅದಕ್ಕೆ ತೆಂಗಿನ ಹಾಲು, ಹಸಿಮೆಣಸು, ಉಪ್ಪು. ಅದರ ಮುಂದೆ ಯಾವ ಪಾನಕವೂ ನಿಲ್ಲುವುದಿಲ್ಲ.

ಅಂಕೋಲಾ:
ತೆಂಗಿನ ಹಾಲು ಮೇ ಬಿಸಿಲಲ್ಲಿ ಎರಡು ಗಂಟೆ ಇಟ್ಟು ನೋಡಿ, ಗೊತ್ತಾಗುತ್ತದೆ. ನಾನು ಚೆಲ್ಲಿದ್ದನ್ನು ಹೇಳಿದ್ದು ಬೇರೆಯವರು ಚೆಲ್ಲಬಾರದು ಅಂತ. ಅಡುಗೆ ಪಾಠ ಕೇಳಿರಲಿಲ್ಲ.

ಬೈತಕೋಲ, ಕಾರವಾರ:
ಎಲ್ಲರೂ ಮೇ ಅನ್ನುತ್ತೀರಿ. ನಮ್ಮಂಥವರು ಮೇ ತಿಂಗಳಲ್ಲಿ ಮನೆಯಲ್ಲಿ ಇರುತ್ತೇವಾ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಯ ಮೀನುಗಾರಿಕೆಗೆ ನಿಷೇಧ. ಮೇ ಅಂದರೆ ಕೊನೆಯ ದುಡಿಮೆ, ಒಂದು ದಿನವೂ ಬಿಡಲಾಗುವುದಿಲ್ಲ. ಹಿಂದಿನ ಸಲ ನಮ್ಮ ಕೇರಿಯವರು 500 ರೂಪಾಯಿ ವಂತಿಗೆ ಒಯ್ದರು, ಕೊಟ್ಟೆ. ಕೂಟದ ದಿನ ನಾನು ಸಮುದ್ರದಲ್ಲಿದ್ದೆ. ತಿರುಗಿ ಬಂದಾಗ ವಂತಿಗೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದಿದರು ಅಂತ ತಿಳಿಯಿತು. ನನ್ನ ಹೆಸರು ಬಿಟ್ಟುಹೋಗಿತ್ತು. ಹೆಂಡತಿ ಅಲ್ಲೇ ಕೂತಿದ್ದಳು. ಕೊಡದವರ ಸಾಲಿಗೆ ನಾವು ಸೇರಿದೆವು ಅಂತ ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೆಸರು ಓದುವುದು ಬೇಡ. ಯಾರು ಎಷ್ಟು ಕೊಟ್ಟರು ಅನ್ನುವುದು ಪುಸ್ತಕದಲ್ಲಿ ಇದ್ದರೆ ಸಾಕು.

ಯಲ್ಲಾಪುರ ನಾಕಾ, ಶಿರಸಿ:
ಅದಕ್ಕೇ ಹೇಳಿದ್ದು, ಗ್ರೂಪಿನಲ್ಲಿ ರಶೀದಿ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಬೈತಕೋಲ, ಕಾರವಾರ:
ಸಮುದ್ರದ ನಡುವೆ ನೆಟ್‌ವರ್ಕ್ ನೀವು ಕೊಡುತ್ತೀರಾ?

ಕೋಡಿಬಾಗ, ಕಾರವಾರ (ಕೇಳಿದವರು):
ಎಲ್ಲರಿಗೂ ಧನ್ಯವಾದ. ನಿನ್ನೆ ನಾಲ್ಕು ಮನೆಯವರು ಮತ್ತೆ ಕೂತೆವು. ಯಕ್ಷಗಾನ ಬಿಟ್ಟೆವು. ಸಂಜೆ ಐದರಿಂದ ಏಳೂವರೆವರೆಗೆ ತಾಳಮದ್ದಲೆ, ಮೈಕಿಲ್ಲದೆ, ನಮ್ಮ ಓಣಿಯ ಒಬ್ಬರ ದೊಡ್ಡ ಜಗುಲಿಯಲ್ಲಿ. ಮಳೆ ಬಂದರೂ ಅಲ್ಲಿ ಮೇಲೆ ಸೂರು ಇದೆ. ಭಾಷಣ ಇಲ್ಲ. ವಂತಿಗೆ ಮನೆಗೆ 200, ಹೆಸರು ಓದುವುದಿಲ್ಲ. ಹೊನ್ನಾವರದ ಅಕ್ಕ ಬರೆದದ್ದು ಓದಿದ ಮೇಲೆ ನಮ್ಮ ಕೊನೆಯ ಮನೆಗೆ ಹೋಗಿ ಬಂದೆ. ಅಲ್ಲೂ ಹಾಸಿಗೆ ಹಿಡಿದ ಅಜ್ಜ ಇದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಸುದ್ದಿಗೆ ಹಲಗೆಯೂ ಇರಲಿ, ಗ್ರೂಪೂ ಇರಲಿ ಅಂತ ಆಗಿದೆ. ಹಲಗೆ ಮಾತ್ರ ಎಲ್ಲೂ ಸಿಗುತ್ತಿಲ್ಲ.

ಕುಮಟಾ:
ಯಕ್ಷಗಾನ ಬಿಟ್ಟದ್ದು ಕೇಳಿ ಬೇಸರವಾಯಿತು. ತಾಳಮದ್ದಲೆಗಾದರೂ ಪಾತ್ರದ ಮಾತಾಡುವ ಅರ್ಥಧಾರಿಗಳಿಗೆ ಪೂರಾ ಸಮಯ ಕೊಡಿ.

ಕಾಜುಬಾಗ, ಕಾರವಾರ:
ನಮ್ಮ ಹಲಗೆ ಒಯ್ಯಿರಿ. ರಿಕ್ಷಾದಲ್ಲಿ ಹಿಡಿಯುವುದಿಲ್ಲ, ಟೆಂಪೋ ಬೇಕು. ಎಡಗಾಲಿನ ಮೊಳೆ ಸಡಿಲ ಇದೆ, ಬಡಿದುಕೊಳ್ಳಿ. ಸೀಮೆಸುಣ್ಣ ಎರಡು ಡಬ್ಬ ನನ್ನ ಹತ್ತಿರ ಉಳಿದಿದೆ. ಜೂನ್ ಮಳೆಗೆ ಮೊದಲು ವಾಪಸ್ ಬರಲಿ.