ಚರ್ಚೆ: ಕಸುವು ಮೊದಲೋ, ಮೈಕಟ್ಟು ಮೊದಲೋ?

ಸಹ್ಯಾದ್ರಿ27 (ವಾಕಡ್, ಪುಣೆ)
ಎಲ್ಲರಿಗೂ ನಮಸ್ಕಾರ. ವಯಸ್ಸು 27, ತೂಕ 64 ಕೆಜಿ. ಜಿಮ್ ಸೇರಿ ಒಂಬತ್ತು ತಿಂಗಳಾಯಿತು. ಟ್ರೈನರ್ ದಿನಕ್ಕೊಂದು ಭಾಗ ಅಂತ ಹಂಚಿಕೊಟ್ಟಿದ್ದಾರೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಹೀಗೆ. ಎಲ್ಲವೂ 12ರಿಂದ 15 ರೆಪ್ (ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್), ಹೆಚ್ಚಿನದು ಮೆಷಿನ್ ಮೇಲೆ. ತೋಳಿನ ಸುತ್ತಳತೆ 28 ಸೆಂಟಿಮೀಟರಿನಿಂದ 31ಕ್ಕೆ ಬಂದಿದೆ. ಅದರ ಖುಷಿ ಇದೆ.

ಹೋದ ಶನಿವಾರ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ತುಂಬಿದ ಗ್ಯಾಸ್ ಸಿಲಿಂಡರನ್ನು ನಾಲ್ಕನೇ ಮಹಡಿಗೆ ಒಯ್ಯಬೇಕಿತ್ತು. 14.2 ಕೆಜಿ ಗ್ಯಾಸ್, ಸಿಲಿಂಡರಿನದೇ ತೂಕ ಸೇರಿದರೆ ಸುಮಾರು 30 ಕೆಜಿ. ಎರಡನೇ ಮಹಡಿಯ ತಿರುವಿನಲ್ಲಿ ಕೆಳಗಿಟ್ಟುಬಿಟ್ಟೆ. ಬೆರಳು ಬಿಚ್ಚಿಕೊಳ್ಳುತ್ತಿತ್ತು, ಸೊಂಟ ಮುಂದಕ್ಕೆ ಬಾಗುತ್ತಿತ್ತು. ನನ್ನ ರೂಮ್‌ಮೇಟ್ ನನಗಿಂತ ಸಣ್ಣ ಮೈಯವನು. ಹೆಗಲಿಗೆ ಹಾಕಿಕೊಂಡು ಹತ್ತಿಬಿಟ್ಟ. ಅವನು ವಾರಕ್ಕೆ ಮೂರೇ ದಿನ ಹೆಗಲ ಮೇಲೆ ಭಾರ ಇಟ್ಟು ಕೂತು ಏಳುವ ಸ್ಕ್ವಾಟ್, ಮಲಗಿ ಭಾರ ಮೇಲಕ್ಕೆ ತಳ್ಳುವ ಬೆಂಚ್, ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟ್ ಮಾಡುತ್ತಾನೆ. 5 ಸೆಟ್ (ಅಂದರೆ ಐದು ಸುತ್ತು), ತಲಾ 5 ರೆಪ್, ಮುಗಿಯಿತು.

ಹಾಗಾದರೆ ಕಸುವಿಗೆ ಮಾಡುವುದೇ ಬೇರೆ, ಮೈಕಟ್ಟಿಗೆ ಮಾಡುವುದೇ ಬೇರೆಯಾ? ನಾನು ಯಾವುದನ್ನು ಹಿಡಿಯಲಿ?

ಕಬ್ಬಿಣದ_ಕಡಲೆ (ಚಿಂಚ್‌ವಡ್, ಊರು ಧಾರವಾಡ)
ತಮ್ಮಾ, ಕಾಲೇಜಿನಲ್ಲಿ ನಾಲ್ಕು ವರ್ಷ ಪವರ್‌ಲಿಫ್ಟಿಂಗ್ ಮಾಡಿದವನು ನಾನು. ನಿನಗೆ ಉತ್ತರ ಆ ಎರಡನೇ ಮಹಡಿಯಲ್ಲೇ ಸಿಕ್ಕಿದೆ. ಮೈಗೆ ಏನು ಕಲಿಸುತ್ತೀಯೋ ಅದನ್ನೇ ಅದು ಕಲಿಯುತ್ತದೆ. ಒಂಬತ್ತು ತಿಂಗಳು ಕೂತು ಎಳೆಯುವುದನ್ನು ಕಲಿಸಿದೆ. ನಿಂತು ಭಾರ ಹಿಡಿದು ಸೊಂಟ ಬಿಗಿಯಾಗಿಟ್ಟು ನಡೆಯುವುದನ್ನು ಕಲಿಸಲೇ ಇಲ್ಲ.

ಕಸುವು ಬರೀ ಸ್ನಾಯುವಿನ ಕೆಲಸ ಅಲ್ಲ, ನರದ ಕೆಲಸ ಕೂಡ. ಭಾರ ಜಾಸ್ತಿಯಾದಷ್ಟೂ ನರ ಸ್ನಾಯುವಿನ ಜಾಸ್ತಿ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಸಣ್ಣ ಎಳೆಗಳು ಮೊದಲು, ದೊಡ್ಡ ಗಟ್ಟಿ ಎಳೆಗಳು ಕೊನೆಗೆ. ಆ ಕೊನೆಯವನ್ನು ಒಟ್ಟಿಗೆ, ಬೇಗ ಎಬ್ಬಿಸುವುದೇ ಒಂದು ಕಲೆ. ಅದು ಭಾರ ಎತ್ತಿಯೇ ಬರಬೇಕು.

ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯನ್ನು ನೋಡು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138 ಕೆಜಿ ತಲೆ ಮೇಲೆ ಎತ್ತಿದ್ದಾರೆ. ಮೈತೂಕದ ಹೆಚ್ಚುಕಮ್ಮಿ ಎರಡೂವರೆ ಪಟ್ಟು! ನಮ್ಮ ನೆರೆಯ ಸಾಂಗ್ಲಿಯ ಸಂಕೇತ್ ಸರಗರ್ 2022ರಲ್ಲಿ 55 ಕೆಜಿ ವಿಭಾಗದಲ್ಲಿ ಎರಡು ಬಗೆಯ ಲಿಫ್ಟ್ ಸೇರಿ ಒಟ್ಟು 248 ಕೆಜಿ ಎತ್ತಿ ಬೆಳ್ಳಿ ತಂದರು. ಅಂಗಿ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತರೆ ಇವರನ್ನು ಯಾರೂ ಪೈಲ್ವಾನರು ಅನ್ನಲಿಕ್ಕಿಲ್ಲ.

ಡೊಂಬಿವಲಿ_ಫಾಸ್ಟ್ (ಡೊಂಬಿವಲಿ)
ಕಡಲೆ ಅಣ್ಣಾ, ಅರ್ಧ ಮಾತ್ರ ಒಪ್ಪುತ್ತೇನೆ. ಅವರು ಯಾಕೆ 56 ಕೆಜಿ, 55 ಕೆಜಿ ಅಂತ ಬೇರೆ ಬೇರೆ ವಿಭಾಗದಲ್ಲಿ ಎತ್ತುತ್ತಾರೆ? ಮೈ ದೊಡ್ಡದಾದಷ್ಟೂ ಎತ್ತುವ ಭಾರ ಏರುತ್ತದೆ, ಅದಕ್ಕೇ ವಿಭಾಗ ಮಾಡಿದ್ದು. ಗುರುರಾಜ ಅವರೇ 2022ರಲ್ಲಿ 61 ಕೆಜಿ ವಿಭಾಗಕ್ಕೆ ಹೋದಾಗ ಒಟ್ಟು 269 ಕೆಜಿ ಎತ್ತಿದರು. 2018ರಲ್ಲಿ ಒಟ್ಟು 249 ಇತ್ತು. ನರ ಎಷ್ಟೇ ಕಲಿಯಲಿ, ಎಳೆಯುವುದಕ್ಕೆ ಸ್ನಾಯು ಇರಬೇಕಲ್ವಾ? ದಪ್ಪ ಹಗ್ಗಕ್ಕೆ ಜಾಸ್ತಿ ಭಾರ ತಡೆಯುವ ಶಕ್ತಿ.

ನಾನು ಹನ್ನೊಂದು ವರ್ಷದಿಂದ ಮೈಕಟ್ಟಿಗೇ ಮಾಡುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಜಿಮ್, 6:40ರ ಲೋಕಲ್. ನನಗಿರುವುದು 50 ನಿಮಿಷ. ಅಮೆರಿಕದಲ್ಲಿ 2014ರಲ್ಲಿ ಒಂದು ಅಧ್ಯಯನ ಬಂತು. ಮೊದಲೇ ಪಳಗಿದ ಹುಡುಗರು, ಎಂಟು ವಾರ. ಒಂದು ಗುಂಪು ಭಾರದ 7 ಸೆಟ್, ತಲಾ 3 ರೆಪ್. ಇನ್ನೊಂದು 3 ಸೆಟ್, ತಲಾ 10 ರೆಪ್. ಕೊನೆಗೆ ತೋಳಿನ ದಪ್ಪ ಎರಡೂ ಗುಂಪಿನಲ್ಲಿ ಒಂದೇ ರೀತಿ ಬೆಳೆದಿತ್ತು. ಕಸುವು ಭಾರದ ಗುಂಪಿಗೆ ಜಾಸ್ತಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರಿಗೆ ಒಂದೊಂದು ದಿನ ಒಂದು ಗಂಟೆಗೂ ಜಾಸ್ತಿ ಹಿಡಿಯಿತು, ಇವರದು 20 ನಿಮಿಷದೊಳಗೆ ಮುಗಿಯಿತು. ಭಾರದವರ ಕೀಲುಗಳೂ ಜಾಸ್ತಿ ನೊಂದವು. ಮುಂಬೈಯಲ್ಲಿ ಬದುಕುವವನಿಗೆ ಆ 40 ನಿಮಿಷದ ಬೆಲೆ ಗೊತ್ತು.

ಕಬ್ಬಿಣದ_ಕಡಲೆ
ಸಮಯದ ಮಾತು ನಿಜ, ಒಪ್ಪಿದೆ. ಭಾರ ಎತ್ತಿದರೆ ಸೆಟ್ ನಡುವೆ 3ರಿಂದ 5 ನಿಮಿಷ ಕೂರಲೇಬೇಕು. ಆದರೆ ಮೈಕಟ್ಟಿನವರು ಒಂದೇ ನಿಮಿಷಕ್ಕೆ ಎದ್ದು ಓಡುತ್ತಾರಲ್ಲ, ಅದರಿಂದ ಅವರಿಗೂ ಲಾಭ ಇಲ್ಲ. ಒಂದು ನಿಮಿಷ ಮತ್ತು ಮೂರು ನಿಮಿಷ ವಿಶ್ರಾಂತಿಯನ್ನು ಹೋಲಿಸಿ ನೋಡಿದ್ದಾರೆ. ಮೂರು ನಿಮಿಷದವರಿಗೆ ಕಸುವೂ ಜಾಸ್ತಿ ಬಂತು, ಸ್ನಾಯುವೂ ಜಾಸ್ತಿ ಬೆಳೆಯಿತು.

ವಾಸ್ಕೋ_ಬಂದರು (ವಾಸ್ಕೋ, ಗೋವಾ)
ನಮ್ಮೂರು ಬಾಗಲಕೋಟೆ ಕಡೆ. ಅಪ್ಪ ಇಲ್ಲಿ ಗೋದಾಮಿನಲ್ಲಿ ಚೀಲ ಹೊತ್ತರು, ಇಪ್ಪತ್ತೆರಡು ವರ್ಷ. 50 ಕೆಜಿಯ ಸಿಮೆಂಟ್ ಚೀಲ. ಅವರ ತೋಳು ನೋಡಿದರೆ ನುಲಿದ ಹಗ್ಗದ ಹಾಗೆ ಸಣ್ಣಗೆ, ಗಟ್ಟಿಯಾಗಿತ್ತು. ಮೊಣಕಾಲು ಬಗ್ಗಿಸಿ ಚೀಲಕ್ಕೆ ಬೆನ್ನು ಕೊಟ್ಟು ಒಮ್ಮೆ ಉಸಿರು ಬಿಗಿಹಿಡಿಯುತ್ತಿದ್ದರು. ಮೇಲೆ ಎದ್ದು ನಾಲ್ಕು ಹೆಜ್ಜೆ ಇಟ್ಟ ಮೇಲೇ ಉಸಿರು ಬಿಡುತ್ತಿದ್ದರು. ಊರ ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವವರೂ ಹೀಗೇ ಮಾಡುವುದನ್ನು ನೋಡಿದ್ದೇನೆ. ಕಲ್ಲನ್ನು ಮೊದಲು ತೊಡೆಗೆ ತಂದು ಕೂರಿಸಿಕೊಳ್ಳುತ್ತಾರೆ, ಎದೆಗೆ ಅವುಚುತ್ತಾರೆ, ಆಮೇಲೆ ಹೆಗಲಿಗೆ. ಅಲ್ಲಿ ದಪ್ಪ ತೋಳಿನವರು ಎಷ್ಟೋ ಜನ ತೊಡೆಯ ಹಂತದಲ್ಲೇ ಬಿಟ್ಟುಬಿಡುತ್ತಾರೆ.

ಆದರೆ ಒಂದು ಮಾತು. ಅಪ್ಪನಿಗೆ 46ಕ್ಕೆ ಸೊಂಟ ಹೋಯಿತು. ದಿನಾ ಹೊರುವುದು, ಊಟ ಕಮ್ಮಿ, ವಿಶ್ರಾಂತಿ ಇಲ್ಲವೇ ಇಲ್ಲ. ಜಿಮ್ಮಿನಲ್ಲಿ ಇಂದು ಎತ್ತಿ ನಾಡಿದ್ದು ಎತ್ತುವ ಭಾಗ್ಯ ಅವರಿಗೆ ಇರಲಿಲ್ಲ. ಕಸುವು ಕಸುವು ಅಂತ ಬರೆಯುವವರು ಇದನ್ನು ಮರೆಯಬೇಡಿ. ಭಾರದಿಂದ ಕಸುವು ಬರುವುದು ದಣಿವಾರಿಸಿಕೊಳ್ಳಲು ಸಮಯ ಸಿಕ್ಕಾಗ ಮಾತ್ರ.

ಮಾಟುಂಗಾ_ಫಿಸಿಯೋ (ಮಾಟುಂಗಾ, ಮುಂಬೈ)
ವಾಸ್ಕೋ ಅವರೇ, ಓದಿ ಕಣ್ಣು ತುಂಬಿತು. ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ನಾನು ಫಿಸಿಯೋಥೆರಪಿಸ್ಟ್, ಹದಿನಾರು ವರ್ಷದಿಂದ. ನನ್ನ ಅನುಭವ ಹೇಳುತ್ತೇನೆ. ಹೋದ ವರ್ಷ 68ರ ಒಬ್ಬ ಅಜ್ಜಿ ಬಂದರು. ಕುರ್ಚಿಯ ತೋಳು ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಕೂತು ಏಳುವುದನ್ನೇ ಮಾಡಿಸಿದೆ. ಮೊದಲು ಎರಡು ದಿಂಬು ಹಾಕಿ ಎತ್ತರ ಮಾಡಿದ ಕುರ್ಚಿ, ಆಮೇಲೆ ಒಂದು ದಿಂಬು, ಆಮೇಲೆ ಬರೀ ಕುರ್ಚಿ, ಆಮೇಲೆ ಕೈಯಲ್ಲಿ ಎರಡು ಲೀಟರಿನ ನೀರಿನ ಬಾಟಲಿ. ಏಳು ವಾರಕ್ಕೆ ಕೈ ಕಟ್ಟಿಕೊಂಡು ಹತ್ತು ಸಲ ಎದ್ದರು. ತೊಡೆಗೆ ಟೇಪ್ ಹಿಡಿದೆ. ಅಳತೆ ಮೊದಲ ದಿನದ್ದೇ! ಆ ಏಳು ವಾರದ ಕಸುವು ಬಹುಪಾಲು ನರದ್ದು. 1979ರಲ್ಲೇ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದ್ದಾರೆ. ಮೊದಲ ವಾರಗಳಲ್ಲಿ ನರ ಕಲಿಯುತ್ತದೆ, ಸ್ನಾಯು ಬೆಳೆಯುವುದರ ಪಾಲು ಆಮೇಲೆ ಏರುತ್ತದೆ.

ಹಾಗಂತ ಮೈಕಟ್ಟು ಬೇಡ ಅನ್ನುವುದಿಲ್ಲ. ಕಾಲು ಮುರಿದು ಹಾಸಿಗೆ ಹಿಡಿದವರನ್ನು ನೋಡಿ. ಸ್ನಾಯು ಎಷ್ಟು ಬೇಗ ಕರಗುತ್ತದೆ ಅಂತ ಗೊತ್ತಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಕೂಡಿಟ್ಟ ಸ್ನಾಯು ಆಗ ಕೈಹಿಡಿಯುತ್ತದೆ. ಆದರೆ ವಯಸ್ಸಾದಾಗ ಸ್ನಾಯು ಕರಗುವುದಕ್ಕಿಂತ ಬೇಗ ಕಸುವು ಇಳಿಯುತ್ತದೆ. ಅದಕ್ಕೇ ನನ್ನ ಒಲವು ಕಸುವಿನ ಕಡೆ. ಭಾರವನ್ನು ಪೂರ್ತಿ ಬಿಟ್ಟವರು ಐವತ್ತರ ಮೇಲೆ ನನ್ನ ಹತ್ತಿರ ಬರುತ್ತಾರೆ.

ಮುಲುಂಡ್_ಹೋಟ್ಲು (ಮುಲುಂಡ್, ಊರು ಉಡುಪಿ)
ನನಗೆ 51. ಮೊಣಕಾಲು ನೋವು. ಭಾರದ ಸ್ಕ್ವಾಟ್ ಆಗುವುದಿಲ್ಲ ಮಾರಾಯರೇ. ನಮ್ಮಂಥವರಿಗೆ ಏನು ದಾರಿ?

ಡೊಂಬಿವಲಿ_ಫಾಸ್ಟ್
ನಿಮಗೆ ನನ್ನ ದಾರಿಯೇ ಸರಿ ಶೆಟ್ರೇ. ಸ್ನಾಯು ಬೆಳೆಸಲು ಭಾರ ದೊಡ್ಡದೇ ಆಗಬೇಕು ಅಂತ ಇಲ್ಲ. ನೀವು ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದ 30 ಶೇಕಡಾ ಇಟ್ಟುಕೊಂಡರೂ ಸಾಕು, ಇನ್ನೊಂದೆರಡು ರೆಪ್ ಮಾತ್ರ ಆದೀತು ಅನ್ನುವವರೆಗೆ ಮಾಡಬೇಕು. 25 ರೆಪ್ ಆದರೂ ಆಗಲಿ. ಅರ್ಧಕ್ಕೆ ನಿಲ್ಲಿಸಿದರೆ ಪ್ರಯೋಜನ ಇಲ್ಲ. ಲೆಗ್ ಪ್ರೆಸ್ (ಕೂತು ಕಾಲಿನಿಂದ ಭಾರ ತಳ್ಳುವ ಮೆಷಿನ್) ಮಾಡಿ, ನೋಯದಷ್ಟು ಆಳಕ್ಕೆ.

ಮಾಟುಂಗಾ_ಫಿಸಿಯೋ
ಇದು ಸರಿ. ಆದರೆ ಮೊದಲು ಮೊಣಕಾಲು ಯಾರಿಗಾದರೂ ತೋರಿಸಿ.

ಕಬ್ಬಿಣದ_ಕಡಲೆ
ಫಾಸ್ಟ್ ತಮ್ಮಾ, ಶೆಟ್ರಿಗೆ ಹೇಳಿದ್ದು ಒಪ್ಪುತ್ತೇನೆ. 27ರ ಹುಡುಗನಿಗೆ ಒಪ್ಪುವುದಿಲ್ಲ. ಅವನ ಮೊಣಕಾಲು ಚೆನ್ನಾಗಿದೆ, ಒಂಬತ್ತು ತಿಂಗಳಾದರೂ ಭಾರ ಹಾಕುವ ರಾಡ್ ಮುಟ್ಟಿಲ್ಲ. ಅವನ ಮೈ ಈಗ ಕಲಿಯುವಷ್ಟು ಬೇಗ ಹತ್ತು ವರ್ಷ ಬಿಟ್ಟು ಕಲಿಯುವುದಿಲ್ಲ.

ಡೊಂಬಿವಲಿ_ಫಾಸ್ಟ್
ರಾಡ್ ಮುಟ್ಟಬೇಡ ಅಂತ ನಾನೆಲ್ಲಿ ಹೇಳಿದೆ ಅಣ್ಣಾ? ಬರೀ 5 ರೆಪ್ಪಿನಲ್ಲೇ ಉಳಿದರೆ ಹೆಗಲು, ತೋಳು, ಬೆನ್ನಿನ ಮೇಲ್ಭಾಗಕ್ಕೆ ಕೆಲಸವೇ ಸಾಲುವುದಿಲ್ಲ. ಒಂದೊಂದು ಭಾಗಕ್ಕೆ ವಾರಕ್ಕೆ 10 ಸೆಟ್ ಆದರೂ ಬೀಳಬೇಕು. ಮತ್ತೆ ಊಟ! 64 ಕೆಜಿಗೆ ದಿನಕ್ಕೆ ನೂರು ಗ್ರಾಂ ಪ್ರೋಟೀನ್ ಹತ್ತಿರ ಹೋಗಬೇಕು, ಕೆಜಿಗೆ 1.6 ಗ್ರಾಂ ಲೆಕ್ಕ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ. ಪಿಜಿಯ ತೆಳ್ಳಗಿನ ದಾಲ್ ನಂಬಿದರೆ ಕಸುವೂ ಬರುವುದಿಲ್ಲ, ಮೈಕಟ್ಟೂ ಇಲ್ಲ.

ಸಹ್ಯಾದ್ರಿ27
ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ನೋಟ್‌ಬುಕ್ ತೆಗೆದು ಬರೆದುಕೊಂಡೆ. ವಾರಕ್ಕೆ ಮೂರು ದಿನ. ಪ್ರತಿ ದಿನ ಮೊದಲು ಒಂದು ದೊಡ್ಡ ಲಿಫ್ಟ್, 3 ಸೆಟ್, ತಲಾ 5 ರೆಪ್, ನಡುವೆ 3 ನಿಮಿಷ ವಿಶ್ರಾಂತಿ. ಫಾರ್ಮ್, ಅಂದರೆ ಎತ್ತುವ ಭಂಗಿ, ಕೆಡದಿದ್ದರೆ ಮಾತ್ರ ಮುಂದಿನ ವಾರ ಎರಡೂವರೆ ಕೆಜಿ ಜಾಸ್ತಿ. ಆಮೇಲೆ ಉಳಿದ ಭಾಗಗಳಿಗೆ 10ರಿಂದ 12 ರೆಪ್. ಕೊನೆಗೆ ಎರಡು ಕೈಯಲ್ಲೂ ಡಂಬೆಲ್ ಹಿಡಿದು ಜಿಮ್ಮಿನ ಉದ್ದಕ್ಕೆ ನಾಲ್ಕು ಸಲ ನಡಿಗೆ. ಇವತ್ತು ಬೆಳಿಗ್ಗೆ ಡೆಡ್‌ಲಿಫ್ಟ್ 50 ಕೆಜಿಯಿಂದ ಶುರು ಮಾಡಿದೆ. ರೂಮ್‌ಮೇಟ್ ಪಕ್ಕದಲ್ಲಿ ನಿಂತು ಬೆನ್ನು ನೋಡುತ್ತಿದ್ದ. ಮೂರನೇ ಸೆಟ್ಟಿನ ನಾಲ್ಕನೇ ರೆಪ್ಪಿನಲ್ಲಿ ರಾಡ್ ಬೆರಳಿನಿಂದ ಜಾರಿತು. ಮಣಿಕಟ್ಟನ್ನು ರಾಡಿಗೆ ಸುತ್ತುವ ಸ್ಟ್ರಾಪ್ ತೆಗೆದುಕೊಳ್ಳಲಾ? ಸೊಂಟಕ್ಕೆ ಕಟ್ಟುವ ಬೆಲ್ಟ್ ಬೇಕಾ?

ಕಬ್ಬಿಣದ_ಕಡಲೆ
ಸ್ಟ್ರಾಪ್ ಬೇಡ. ಸಿಲಿಂಡರಿನ ದಿನ ಮೊದಲು ಸೋತಿದ್ದು ನಿನ್ನ ಬೆರಳೇ. ಬರಿಗೈಯಲ್ಲಿ ಹಿಡಿ, ಬೆವರಿದರೆ ಚಾಕ್ ಪುಡಿ ಹಚ್ಚು. ಬೆಲ್ಟಿನ ಮಾತು 100 ಕೆಜಿ ದಾಟಿದ ಮೇಲೆ ಆಡೋಣ. ಬೂಟಿನ ಅಡಿ ಮೆತ್ತಗಿದ್ದರೆ ಬಿಚ್ಚಿಟ್ಟು ಎತ್ತು.